ಅವ್ವನ ಬಟ್ಟಲಿನ ಲೋಳೆ
ಜುಲೈ ಮಳೆಗೆ ಭಾಗಮಂಡಲದ ನಮ್ಮ ಮನೆಯಲ್ಲಿ ಕರೆಂಟು ಹೋಗಿ ಮೂರು ದಿನವಾಗಿತ್ತು. ಅವ್ವ ತಲೆಸ್ನಾನಕ್ಕೆಂದು ದಾಸವಾಳದ ಸೊಪ್ಪನ್ನು ಕಿವುಚಿ ಬಟ್ಟಲಿನಲ್ಲಿಟ್ಟಿದ್ದಳು. ಬೇರೆ ಕೆಲಸವಿಲ್ಲದೆ ಅದರಲ್ಲಿ ಬೆರಳದ್ದಿ ಎತ್ತಿದೆ.

ನೀರು ಹೆಚ್ಚಾದ ಲೋಳೆ ಸಲೀಸಾಗಿ ಜಾರಿತು. ಆದರೆ ಹನಿ ಕೆಳಗಿಳಿದ ಮೇಲೂ ಹಿಂದೆ ಕೂದಲಿನಷ್ಟು ಸಪುರವಾದ ಎಳೆಯೊಂದು ಉಳಿಯಿತು. ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ನೋಡಿದರೆ ಎಳೆಯ ಉದ್ದಕ್ಕೂ ಪುಟ್ಟ ಪುಟ್ಟ ಮಣಿಗಳು, ಕೊಡಗಿನ ಮಣಿಸರ ಜೋಮಾಲೆಯೇ ಸರಿ.

"ನನ್ನ ಲೋಳೆ ಜೇನಿನಷ್ಟೇ ಗಟ್ಟಿ, ನೋಡು" ಎಂದಳು ಅವ್ವ. ಪಾಪ, ಗಟ್ಟಿತನದ್ದಲ್ಲ ಈ ಕೆಲಸ.

ದ್ರವದ ಎಳೆಯನ್ನು ಮೇಲ್ಮೈ ಎಳೆತ, ಅಂದರೆ ತನ್ನ ಮೇಲ್ಮೈಯನ್ನು ಕುಗ್ಗಿಸಿಕೊಳ್ಳುವ ದ್ರವದ ಗುಣ, ಸದಾ ಹಿಂಡುತ್ತಿರುತ್ತದೆ. ಉದ್ದವು ಸುತ್ತಳತೆಯನ್ನು ಮೀರಿದರೆ ಎಳೆ ಹನಿಗಳಾಗಿ ಒಡೆಯಲು ಹೊರಡುತ್ತದೆ. 19ನೆಯ ಶತಮಾನದಲ್ಲಿ ಇದನ್ನು ತೋರಿಸಿಕೊಟ್ಟವರು ಬೆಲ್ಜಿಯಂನ ಜೋಸೆಫ್ ಪ್ಲಾಟೋ. ಕಣ್ಣು ಹೋದ ಮೇಲೂ ಇತರರ ಕಣ್ಣುಗಳ ನೆರವಿನಿಂದ ಪ್ರಯೋಗ ಮುಂದುವರಿಸಿದ ಮನುಷ್ಯ. ಜೇನು ತನ್ನ ಸ್ನಿಗ್ಧತೆಯಿಂದ, ಅಂದರೆ ಸುಲಭಕ್ಕೆ ಹರಿಯದ ಮಂದತನದಿಂದ, ಈ ಹಿಂಡುವಿಕೆಯನ್ನು ತಡ ಮಾಡುತ್ತದೆ, ಅಷ್ಟೆ. ಅದರ ಎಳೆ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸಪುರವಾಗುತ್ತಾ ಹೋಗಿ ಮುಗಿಯುತ್ತದೆ.

ಲೋಳೆಯ ಲೆಕ್ಕವೇ ಬೇರೆ. ಅದರಲ್ಲಿ ಸಕ್ಕರೆಯ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಉದ್ದುದ್ದ ಸರಪಳಿಗಳಿವೆ, ಅಂದರೆ ಪಾಲಿಮರ್‌ಗಳು. ಸುಮ್ಮನಿದ್ದಾಗ ಅವು ಅಟ್ಟದ ಮೇಲೆಸೆದ ಹಗ್ಗದಂತೆ ಮುದುಡಿ ಬಿದ್ದಿರುತ್ತವೆ. ಎಳೆ ಸಪುರವಾದಂತೆ ಹರಿವು ಅವನ್ನು ಜಗ್ಗಿ ಬಿಡಿಸುತ್ತದೆ. ಅವು ರಬ್ಬರಿನಂತೆ ಹಿಂದಕ್ಕೆಳೆಯುತ್ತವೆ. ಆಮೇಲೆ ಎಳೆಯ ದಪ್ಪ ಇಷ್ಟು ಹೊತ್ತಿಗೆ ಅರ್ಧ, ಮತ್ತಷ್ಟೇ ಹೊತ್ತಿಗೆ ಅದರ ಅರ್ಧ, ಹೀಗೆ ಇಳಿಯುತ್ತದೆ. ಸರಪಳಿಗಳು ಪೂರ್ತಿ ನೆಟ್ಟಗಾಗಿ ಇನ್ನು ಹಿಗ್ಗಲಾರವು ಎಂಬಲ್ಲಿಯವರೆಗೆ ಈ ಚೌಕಾಸಿ ನಡೆದು, ಕೊನೆಗೆ ತುಂಡಾಗುತ್ತದೆ.

ಇಷ್ಟು ಓದಿಕೊಂಡ ಮೇಲೆ ನನಗೆ ತಲೆ ತಿರುಗಿತು. ಕಾಳುಮೆಣಸಿನ ಬಳ್ಳಿಗೆ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವಾಗ ಸೂಕ್ಷ್ಮ ಹನಿಗಳೆಲ್ಲ ಗಾಳಿಗೆ ಹಾರಿ ನಮ್ಮ ಕಣ್ಣಿಗೇ ಬರುತ್ತವೆ. ಸಿಂಪಡಣೆಯ ದ್ರಾವಣಕ್ಕೆ ಚೂರು ಪಾಲಿಮರ್ ಸೇರಿಸಿ ಇಂಥ ಹನಿಗಳನ್ನು ಕಡಿಮೆ ಮಾಡುವ ಪದ್ಧತಿ ಕೃಷಿಯಲ್ಲಿದೆ. ಹಾಗಿದ್ದರೆ ದಾಸವಾಳ ಏಕಾಗಬಾರದು? ಆಗಸ್ಟಿನಲ್ಲಿ ಮಳೆ ಬಿಡುವು ಕೊಟ್ಟಾಗ 100 ಲೀಟರ್ ನೀರಿಗೆ ತಲಾ 1 ಕಿಲೋ ಮೈಲುತುತ್ತು, ಸುಣ್ಣ ಹಾಕಿ, ಮೇಲೆ ಒಂದು ಚೊಂಬು ಲೋಳೆ ಸುರಿದೆ.

ಲೋಳೆ ಮುದ್ದೆಗಟ್ಟಿ ಜಾಲರಿ ಕಟ್ಟಿಕೊಂಡಿತು. ಸಿಂಪಡಿಸಲು ಬಂದಿದ್ದ ಅಣ್ಣ ಪಂಪನ್ನು ಕೆಳಗಿಟ್ಟು, "ಇದು ತಲೆಗೆ ಹಾಕುವುದಲ್ಲವೇ?" ಎಂದು ಕೇಳಿದರು. ಮಧ್ಯಾಹ್ನದವರೆಗೆ ನಾಝಲ್ ಬಿಚ್ಚಿ ಸೂಜಿಯಲ್ಲಿ ಚುಚ್ಚುತ್ತಾ ಕುಳಿತೆ. ಸೂಜಿ ಹೊರಗೆಳೆದಾಗಲೆಲ್ಲ ಅದರ ತುದಿಗೂ ಎಳೆ ಬರುತ್ತಿತ್ತು.