ಟೆಂಡರಿಗೆ ಮುಂಚೆ ಕೇಳಿದ ಒಂದು ಪ್ರಶ್ನೆ

ನ್ಯೂಯಾರ್ಕ್ ನಗರದಿಂದ ಕಾರಿನಲ್ಲಿ ಎರಡು ಗಂಟೆ ಉತ್ತರಕ್ಕೆ ಹೋದರೆ ಹಡ್ಸನ್ ನದಿಯ ಪೂರ್ವ ದಂಡೆಯ ಉದ್ದಕ್ಕೂ ಹಳೆಯ ಶ್ರೀಮಂತರ ಮಹಲುಗಳಿವೆ. ಹೈಡ್ ಪಾರ್ಕಿನ ವಾಂಡರ್‌ಬಿಲ್ಟ್ ಮಹಲಿನಂಥವನ್ನು ಕೇಂದ್ರ ಸರ್ಕಾರ ನೋಡಿಕೊಳ್ಳುತ್ತದೆ. ಇನ್ನು ಕೆಲವು ರಾಜ್ಯದ ಪಾರ್ಕುಗಳಿಗೆ ಸೇರಿವೆ. ಹಾಗೆ ಸ್ಟೇಟ್ ಪಾರ್ಕಿನ ಒಳಗಿರುವ ಒಂದು ಮಹಲಿನ ಹೊರಗೋಡೆ ರಿಪೇರಿಗೆ ಕಳೆದ ವಸಂತದಲ್ಲಿ ಟೆಂಡರ್ ಕರೆದಿದ್ದರು. ಹಳೆ ಇಟ್ಟಿಗೆ, ಕಲ್ಲಿನ ಕಟ್ಟಡಗಳನ್ನು ಸರಿ ಮಾಡುವ ಚಿಕ್ಕ ಕಂಪನಿಯಲ್ಲಿ ನಾನು ಎಸ್ಟಿಮೇಟರ್. ಅದಕ್ಕೂ ಮೊದಲು ಮೈಸೂರಿನಲ್ಲಿ ಇದೇ ಲೆಕ್ಕಾಚಾರದ ಕೆಲಸ ಮಾಡುತ್ತಿದ್ದೆ. ಮಹಲಿನ ಹೆಸರು ಇಲ್ಲಿ ಬೇಡ. ನಾನು ಹೇಳಹೊರಟಿರುವುದು ಬಿಡ್ ಹಾಕುವ ಮುಂಚೆ ಸೈಟ್ ನೋಡಲು ಹೋದ ಆ ಒಂದು ದಿನದ ವಿಷಯ.

ಬೆಳಿಗ್ಗೆ ಹತ್ತಕ್ಕೆ ಎಲ್ಲ ಕಂಟ್ರಾಕ್ಟರುಗಳೂ ಮಹಲಿನ ಮುಂದೆ ಸೇರಿದೆವು. ಹಾಜರಿ ಹಾಳೆಯಲ್ಲಿ ಹೆಸರು, ಕಂಪನಿ ಬರೆದೆವು. ಅಲ್ಲಿಗೇ ಯಾರ ವಿರುದ್ಧ ಬಿಡ್ ಮಾಡುತ್ತಿದ್ದೇವೆ ಎಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಪಾರ್ಕಿನ ಕಡೆಯ ಎಂಜಿನಿಯರ್ ಬಹಳ ಸೌಮ್ಯ ಮನುಷ್ಯ. ಗೋಡೆ ತೋರಿಸಿದರು, ಮಾಡಿನ ಅಂಚಿನ ಮಳೆನೀರಿನ ಕೊಳವೆಗಳನ್ನು ತೋರಿಸಿದರು. ಆದರೆ ಏನು ಕೇಳಿದರೂ ಒಂದೇ ಉತ್ತರ: "ಬರೆದು ಕಳಿಸಿ, ಎಲ್ಲರಿಗೂ ಬರವಣಿಗೆಯಲ್ಲೇ ಉತ್ತರ ಬರುತ್ತದೆ."

ಅದು ಅವರ ಜಂಬವಲ್ಲ, ಕಾನೂನು. ಟೆಂಡರ್ ಹೊರಬಿದ್ದ ದಿನದಿಂದ ಕೆಲಸ ಯಾರಿಗೆಂದು ತೀರ್ಮಾನವಾಗುವವರೆಗೆ ಕಂಟ್ರಾಕ್ಟರು ಸರ್ಕಾರದಲ್ಲಿ ಯಾರ ಜೊತೆ ಮಾತಾಡಬಹುದು ಎಂದು ಮೊದಲೇ ಗೊತ್ತುಮಾಡಿರುತ್ತಾರೆ. 2006ರಿಂದ ನ್ಯೂಯಾರ್ಕ್ ರಾಜ್ಯದಲ್ಲಿ ಈ ನಿಯಮ ಜಾರಿಯಲ್ಲಿದೆ. ಬಾಯಿಮಾತಿನ ಉತ್ತರಕ್ಕೆ ಬೆಲೆ ಇಲ್ಲ. ಪ್ರಶ್ನೆ ಬರೆದು ಕಳಿಸಿದರೆ ಉತ್ತರ 'ಅಡೆಂಡಮ್' ಆಗಿ, ಅಂದರೆ ಟೆಂಡರಿಗೆ ಸೇರ್ಪಡೆಯಾಗಿ, ಎಲ್ಲ ಬಿಡ್‌ದಾರರಿಗೂ ಹೋಗುತ್ತದೆ.

ನಮ್ಮ ಜೊತೆ ಹಿರಿಯ ಮೇಸ್ತ್ರಿಯೊಬ್ಬರು ಬಂದಿದ್ದರು. ಅಪ್ಪ, ತಾತನ ಕಾಲದಿಂದ ಗಾರೆ ಕೆಲಸದ ಮನೆತನ. ಉಳಿದವರೆಲ್ಲ ಮುಂಬಾಗಿಲ ಕಂಬಗಳ ಫೋಟೋ ತೆಗೆಯುತ್ತಿದ್ದಾಗ ಇವರು ಅನುಮತಿ ಕೇಳಿಕೊಂಡು ಹಿಂಬದಿಗೆ ಹೋದರು. ನಾನೂ ಹಿಂದೆಯೇ ಹೋದೆ. ಜೇಬಿನಿಂದ ಚಿಕ್ಕ ಸುತ್ತಿಗೆ ತೆಗೆದು ಗೋಡೆಯನ್ನು ಮೆಲ್ಲಗೆ ತಟ್ಟತೊಡಗಿದರು. ಸೊಂಟದ ಮಟ್ಟದಲ್ಲಿ ಟಣ್ ಟಣ್ ಎಂದು ಗಟ್ಟಿ ಸದ್ದು. ಎರಡು ಹೆಜ್ಜೆ ಪಕ್ಕಕ್ಕೆ ಹೋದರೆ ಡಬ್ ಎಂದು ಟೊಳ್ಳು ಸದ್ದು. ಮಳೆನೀರಿನ ಕೊಳವೆಯ ಸುತ್ತ ಪೂರಾ ಟೊಳ್ಳು. ಅಲ್ಲೊಂದು ಕಡೆ ಸಿಮೆಂಟ್ ಗಿಲಾವು ಅಂಗೈಯಷ್ಟು ಅಗಲ ಉದುರಿತ್ತು. ಒಳಗಿನ ಇಟ್ಟಿಗೆಯನ್ನು ಅವರು ಉಗುರಿನಿಂದ ಕೆರೆದರು. ಕೆಂಪು ಪುಡಿ ಉದುರಿತು. ಉದುರಿಬಿದ್ದ ಚೂರನ್ನು ತಿರುಗಿಸಿ ನನಗೆ ತೋರಿಸಿದರು. ಅದರ ಬೆನ್ನಿಗೆ ಇಟ್ಟಿಗೆಯ ಮುಖವೇ ಅಂಟಿಕೊಂಡು ಬಂದಿತ್ತು.

ಕೆಲಸದ ನಿಜವಾದ ಖರ್ಚು ಆ ಚೂರಿನಲ್ಲಿತ್ತು. ಗಿಲಾವು ಕೀಳುವುದು ಕಷ್ಟವಲ್ಲ. ಕಿತ್ತಾಗ ಅದರ ಜೊತೆ ಎಷ್ಟು ಇಟ್ಟಿಗೆ ಬರುತ್ತದೆ ಅನ್ನುವುದೇ ಪ್ರಶ್ನೆ. ನಕ್ಷೆಯಲ್ಲಿ 'ಹಾಳಾದ ಇಟ್ಟಿಗೆ ಬದಲಿಸುವುದು' ಎಂದಷ್ಟೇ ಇತ್ತು, ಅದೂ ಒಟ್ಟು ಮೊತ್ತದೊಳಗೆ. ಊರಿನ ಭಾಷೆಯಲ್ಲಿ ಹೇಳಿದರೆ ಲಂಪ್‌ಸಮ್, ಐಟಂ ರೇಟ್ ಇಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಬಿಚ್ಚಿ ನೋಡದ ಗೋಡೆಯ ಬಗ್ಗೆ ಯಾರು ತಾನೇ ಲೆಕ್ಕ ಕೊಡಲು ಸಾಧ್ಯ?

ಕಾರಿಗೆ ಬಂದ ಮೇಲೆ ನಮ್ಮ ಇನ್ನೊಬ್ಬ ಸಹೋದ್ಯೋಗಿ ಹೇಳಿದ: "ಇದನ್ನ ಕೇಳಬೇಡ. ಕೇಳಿದರೆ ಉತ್ತರ ಎಲ್ಲರಿಗೂ ಹೋಗುತ್ತೆ. ಮೇಸ್ತ್ರಿ ಕಂಡುಹಿಡಿದದ್ದನ್ನ ಎದುರಾಳಿಗಳಿಗೆ ಪುಕ್ಕಟೆ ಕೊಟ್ಟಂಗೆ. ಈಗ ಕಡಿಮೆ ಹಾಕೋಣ. ಗೋಡೆ ಬಿಚ್ಚಿದ ಮೇಲೆ ಎಕ್ಸ್‌ಟ್ರಾ ಕ್ಲೇಮ್ ಮಾಡೋಣ."

ಅವನು ಕೆಟ್ಟವನಲ್ಲ. ಈ ಆಟ ಎಲ್ಲ ಕಡೆ ನಡೆಯುತ್ತದೆ. ಸರ್ಕಾರಿ ಕೆಲಸ ಸಿಗುವುದು ಅರ್ಹರ ಪೈಕಿ ಅತಿ ಕಡಿಮೆ ಹೇಳಿದವರಿಗೆ. ಕೂಲಿಯಲ್ಲಿ ಉಳಿಸುವ ಹಾಗಿಲ್ಲ, ಏಕೆಂದರೆ ಇಲ್ಲಿ ಸರ್ಕಾರಿ ಕಾಮಗಾರಿಯಲ್ಲಿ ಪ್ರತಿ ಕಸುಬಿಗೂ ನಿಗದಿಯಾದ ಕೂಲಿ ಕೊಡಲೇಬೇಕು. ಅದಕ್ಕೆ ಪ್ರಮಾಣ ಮಾಡಿ ಸಹಿ ಹಾಕಿದ ವೇತನ ಪಟ್ಟಿ ಒಪ್ಪಿಸಬೇಕು. ಬಾಂಡ್, ವಿಮೆ ಎಲ್ಲರಿಗೂ ಇದ್ದದ್ದೇ. ಹೀಗಿರುವಾಗ ಎಲ್-1, ಅಂದರೆ ಅತಿ ಕಡಿಮೆ ಬಿಡ್‌ದಾರ, ಆಗುವ ಸುಲಭದ ದಾರಿ, ಗೊತ್ತಿಲ್ಲದ ಐಟಮಿಗೆ ಕಣ್ಣು ಮುಚ್ಚಿ ಕಡಿಮೆ ಹಾಕುವುದು. ನಷ್ಟ ಆಮೇಲೆ ಕಟ್ಟಡದ ತಲೆ ಮೇಲೆ ಬೀಳುತ್ತದೆ. ಎಕ್ಸ್‌ಟ್ರಾಗೆ ಒಪ್ಪಿಗೆ ಸಿಗುವವರೆಗೆ ಗೋಡೆ ಬಿಚ್ಚಿದಂತೆಯೇ ಇರುತ್ತದೆ. ಒಪ್ಪಿಗೆ ಸಿಗದಿದ್ದರೆ ಕೊಳೆತ ಇಟ್ಟಿಗೆಯ ಮೇಲೆಯೇ ಹೊಸ ಗಾರೆ ಬೀಳುತ್ತದೆ.

ನಾನು ಏನೂ ಹೇಳಲಿಲ್ಲ. ಮಧ್ಯಾಹ್ನ ಸಮಯ ಇತ್ತು. ಹತ್ತಿರದಲ್ಲೇ ಸ್ಟಾಟ್ಸ್‌ಬರ್ಗ್ ಇದೆ, ಹೋಗಿ ಬರೋಣ ಎಂದು ಮೇಸ್ತ್ರಿ ಹೇಳಿದರು.

ಸ್ಟಾಟ್ಸ್‌ಬರ್ಗ್ ಅಂದರೆ ಓಗ್ಡನ್ ಮಿಲ್ಸ್ ಮತ್ತು ರೂತ್ ಲಿವಿಂಗ್‌ಸ್ಟನ್ ಮಿಲ್ಸ್ ದಂಪತಿಯ ಮಹಲು. ರೂತ್ ಅವರ ಪೂರ್ವಿಕರು 1832ರಲ್ಲಿ ಕಟ್ಟಿಸಿದ 25 ಕೋಣೆಗಳ ಮನೆ ಅದು. 1895ರಲ್ಲಿ ಮೆಕಿಮ್, ಮೀಡ್ ಅಂಡ್ ವೈಟ್ ಎಂಬ ಆ ಕಾಲದ ಹೆಸರಾಂತ ವಾಸ್ತುಶಿಲ್ಪ ಸಂಸ್ಥೆಗೆ ಅದನ್ನು ದೊಡ್ಡದು ಮಾಡುವ ಕೆಲಸ ಸಿಕ್ಕಿತು. ಅವರು ಎರಡೂ ಬದಿಗೆ ದೊಡ್ಡ ರೆಕ್ಕೆಗಳನ್ನು ಸೇರಿಸಿ 65 ಕೋಣೆಗಳ ಮಹಲು ಮಾಡಿದರು. 14 ಬಚ್ಚಲುಮನೆಗಳು. ಇಷ್ಟಾದರೂ ಮಿಲ್ಸ್ ಕುಟುಂಬ ಮುಖ್ಯವಾಗಿ ಶರತ್ಕಾಲದ ಕೆಲವು ವಾರಗಳನ್ನು ಮಾತ್ರ ಇಲ್ಲಿ ಕಳೆಯುತ್ತಿತ್ತು. 1938ರಲ್ಲಿ ಅವರ ಮಗಳು ಗ್ಲ್ಯಾಡಿಸ್ ಮಿಲ್ಸ್ ಫಿಪ್ಸ್ ಅದನ್ನು ರಾಜ್ಯಕ್ಕೆ ದಾನ ಕೊಟ್ಟರು.

ದಾನ ಪಡೆದ ಮೇಲೆ ಅಷ್ಟು ದೊಡ್ಡ ಮನೆಯನ್ನು ಸಾಕಬೇಕಲ್ಲ. 1970ರ ದಶಕದಲ್ಲಿ ಹೊರಗೋಡೆಗೆ ಗುನೈಟ್ ಹೊಡೆಸಿದರು, ಅಂದರೆ ಪಂಪಿನಿಂದ ಚಿಮ್ಮಿಸುವ ಸಿಮೆಂಟ್. ಆಗ ಗಟ್ಟಿಮುಟ್ಟಾದ, ಅಗ್ಗದ ಪರಿಹಾರ ಅನ್ನಿಸಿರಬೇಕು. ಆದರೆ ಹಳೆ ಇಟ್ಟಿಗೆ ಗೋಡೆಗೆ ಉಸಿರಾಡಲು ಜಾಗ ಬೇಕು. ಮಳೆಗಾಲದಲ್ಲಿ ಪ್ಲಾಸ್ಟಿಕ್ ರೇನ್‌ಕೋಟ್ ಹಾಕಿಕೊಂಡು ನಡೆದರೆ ಒಳಗೆ ಬೆವರಿನಲ್ಲಿ ನೆನೆಯುತ್ತೇವಲ್ಲ, ಹಾಗೆಯೇ ಗಟ್ಟಿ ಸಿಮೆಂಟಿನ ಹಿಂದೆ ತೇವ ಸಿಕ್ಕಿಕೊಳ್ಳುತ್ತದೆ. ಇಲ್ಲಿನ ಚಳಿಗಾಲದಲ್ಲಿ ಆ ತೇವ ಹೆಪ್ಪುಗಟ್ಟುತ್ತದೆ, ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ. ಇಟ್ಟಿಗೆಯ ಮುಖ ಒಡೆಯುತ್ತದೆ. ಸುಣ್ಣದ ಗಾರೆಯಾಗಿದ್ದರೆ ತೇವ ಅದರ ಮೂಲಕ ಹೊರಗೆ ಹೋಗುತ್ತಿತ್ತು. ಕೆಟ್ಟರೂ ಗಾರೆ ಕೆಡುತ್ತಿತ್ತು, ಇಟ್ಟಿಗೆ ಉಳಿಯುತ್ತಿತ್ತು. ಗಾರೆ ಯಾವಾಗಲೂ ಇಟ್ಟಿಗೆಗಿಂತ ಮೆದುವಾಗಿರಬೇಕು. ನಮ್ಮ ಕಸುಬಿನಲ್ಲಿ ಮೊದಲು ಕಲಿಸುವುದೇ ಇದನ್ನು. ಈಗ ಆ ಗುನೈಟ್ ತೆಗೆದು ಗೋಡೆ ಸರಿ ಮಾಡುವ ಕೆಲಸವನ್ನು ರಾಜ್ಯ ಹಂತ ಹಂತವಾಗಿ ಮಾಡಿಸುತ್ತಿದೆ. ಸರಿಯಾದ ಕಡೆಯನ್ನೂ ಇನ್ನೂ ಆಗಬೇಕಾದ ಕಡೆಯನ್ನೂ ಅಕ್ಕಪಕ್ಕದಲ್ಲಿ ನೋಡಿದರೆ ಯಾರಿಗಾದರೂ ಅರ್ಥವಾಗುತ್ತದೆ.

ಅಲ್ಲಿ ನಿಂತಾಗ ನನಗೆ ಮೈಸೂರು ನೆನಪಾಗದೆ ಹೇಗಿರುತ್ತದೆ? 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು, ಅದೂ ರಿಪೇರಿ ನಡೆಯುತ್ತಿದ್ದಾಗಲೇ. ಆಮೇಲೆ ಕೆಡವಬೇಕೋ ಉಳಿಸಬೇಕೋ ಎಂದು ವರ್ಷಗಟ್ಟಲೆ ವಾದ, ಕೋರ್ಟು. ನಮ್ಮಲ್ಲೂ ಪಾರದರ್ಶಕ ಟೆಂಡರಿಗೆ 1999ರ ಕಾಯ್ದೆ ಇದೆ. ಕಾಯ್ದೆ ಬೇಕು, ಅದಿಲ್ಲದಿದ್ದರೆ ಕೆಲಸ ಯಾರದೋ ಭಾವಮೈದುನನಿಗೆ ಹೋಗುತ್ತದೆ. ಆದರೆ ಸುಣ್ಣ ಅರೆದು ಗೊತ್ತಿರುವ ಮೇಸ್ತ್ರಿಯನ್ನೂ ಸಿಮೆಂಟ್ ಮೆತ್ತುವವನನ್ನೂ ಅದು ತಾನಾಗಿ ಬೇರೆ ಮಾಡುವುದಿಲ್ಲ. ಬೇರೆ ಮಾಡುವುದು ಟೆಂಡರಿನ ಒಳಗೆ ಬರೆದಿರುವ ಷರತ್ತು. ಗಾರೆಯ ಪರೀಕ್ಷೆ ಆಗಬೇಕು, ಮೊದಲು ಒಂದು ತುಂಡು ಗೋಡೆಯಲ್ಲಿ ಮಾದರಿ ಮಾಡಿ ಒಪ್ಪಿಗೆ ಪಡೆಯಬೇಕು, ಇಂಥ ಕೆಲಸ ಹಿಂದೆ ಮಾಡಿದ ದಾಖಲೆ ಬೇಕು. ಇಂಥ ನಾಲ್ಕು ಸಾಲು ಇದ್ದರೆ ಕಡಿಮೆ ರೇಟಿಗೂ ಒಳ್ಳೆ ಕೆಲಸ ಬರುತ್ತದೆ. ಇಲ್ಲದಿದ್ದರೆ ಎಷ್ಟು ದುಡ್ಡು ಸುರಿದರೂ ಬರುವುದಿಲ್ಲ.

ಸಂಜೆ ಆಫೀಸಿಗೆ ಬಂದು ಯಜಮಾನರ ಮುಂದೆ ಎರಡೂ ಮಾತು ಇಟ್ಟೆ. ಕೇಳಲೇಬೇಕು ಎಂದೂ ಹೇಳಿದೆ. ನಮ್ಮ ಮೇಸ್ತ್ರಿಯ ಕೈಯಲ್ಲಿ ಕಸುಬು ಇದೆ, ಲೆಕ್ಕ ಎಲ್ಲರಿಗೂ ಒಂದೇ ಆದರೆ ನಾವು ಹಿಂದೆ ಬೀಳುವುದಿಲ್ಲ ಎಂದು ವಾದ ಮಾಡಿದೆ. ಅವರು ಸ್ವಲ್ಪ ಹೊತ್ತು ಮೇಸ್ತ್ರಿಯ ಕಡೆ ನೋಡಿ, "ಕಳಿಸು" ಎಂದರು.

ಪ್ರಶ್ನೆ ಉದ್ದವೇನಿರಲಿಲ್ಲ. ಹಿಂಬದಿಯ ಗೋಡೆಯಲ್ಲಿ ಗಿಲಾವು ಟೊಳ್ಳಾಗಿದೆ, ಕೀಳುವಾಗ ಇಟ್ಟಿಗೆಯ ಮುಖವೂ ಬರುವ ಸಂಭವ ಇದೆ. ಆದ್ದರಿಂದ ಇಟ್ಟಿಗೆ ಬದಲಿಸುವ ಕೆಲಸಕ್ಕೆ ಅಂದಾಜು ಪ್ರಮಾಣ ಗೊತ್ತುಮಾಡಿ, ಚದರಡಿ ಲೆಕ್ಕದಲ್ಲಿ ಬೇರೆ ರೇಟ್ ಕೇಳುತ್ತೀರಾ? ಜೊತೆಗೆ ಫೋಟೋ ಲಗತ್ತಿಸಿದೆ.

ಅಡೆಂಡಮ್ ಬಂತು. ಕೇಳಿದ್ದವರ ಹೆಸರಿಲ್ಲದೆ ಪ್ರಶ್ನೆ, ಕೆಳಗೆ ಉತ್ತರ. ಇಟ್ಟಿಗೆಗೆ ಪ್ರತ್ಯೇಕ ಪ್ರಮಾಣ, ಪ್ರತ್ಯೇಕ ರೇಟ್. ಹೆಚ್ಚಾದರೆ ಅದೇ ರೇಟಿನಲ್ಲಿ ಕೊಡುತ್ತಾರೆ, ಕಡಿಮೆಯಾದರೆ ಅಷ್ಟು ಹಿಡಿಯುತ್ತಾರೆ. ಇನ್ನೊಂದು ಸಾಲೂ ಇತ್ತು, ಅದನ್ನು ನಾವು ಕೇಳಿರಲಿಲ್ಲ: ಗಿಲಾವು ಕೀಳುವ ವಿಧಾನವನ್ನು ಮೊದಲು ಸಣ್ಣ ಜಾಗದಲ್ಲಿ ಮಾಡಿ ತೋರಿಸಬೇಕು. ನನಗೆ ಅದನ್ನು ಓದಿ ನಿಜವಾಗಿಯೂ ಖುಷಿಯಾಯಿತು. ಎದುರುಗಡೆ ಕೂತವರು ಯಾರೋ ಗೋಡೆಯ ಬಗ್ಗೆ ಯೋಚಿಸಿದ್ದಾರೆ ಅಲ್ವಾ?

ಬಿಡ್ ತೆರೆಯುವ ದಿನ ಸೀಲ್ ಮಾಡಿದ ಲಕೋಟೆಗಳನ್ನು ಎಲ್ಲರ ಮುಂದೆ ಒಡೆದು ಮೊತ್ತಗಳನ್ನು ಜೋರಾಗಿ ಓದಿದರು. ನಾವು ಎರಡನೆಯವರು. ಕೆಲಸ ಹೋಯಿತು. ಬೇಜಾರು ಆಗಲಿಲ್ಲ ಎಂದು ಹೇಳುವುದಿಲ್ಲ, ಇಡೀ ಬೇಸಿಗೆಯ ಕೆಲಸ ಅದು. ಆದರೆ ಮೊತ್ತಗಳು ಹತ್ತಿರ ಹತ್ತಿರ ಇದ್ದವು. ಯಾರೂ ಕಣ್ಣು ಮುಚ್ಚಿ ಹಾಕಿರಲಿಲ್ಲ. ಗೆದ್ದವರಿಗೆ ಸುಣ್ಣದ ಕೆಲಸ ಚೆನ್ನಾಗಿ ಗೊತ್ತು, ಅವರ ಬೇರೆ ಕೆಲಸಗಳನ್ನು ನೋಡಿದ್ದೇನೆ. ಹಿಂಬದಿಯ ಗೋಡೆಯಲ್ಲಿ ಮಾದರಿ ತುಂಡು ಮುಗಿದಿದೆ ಎಂದು ಕೇಳಿ ಮೇಸ್ತ್ರಿ ಒಂದು ಭಾನುವಾರ ಹೆಂಡತಿಯನ್ನು ಕರೆದುಕೊಂಡು ಹೋಗಿ ನೋಡಿ ಬಂದರು. ಪಾರ್ಕು ತಾನೇ, ಯಾರು ಬೇಕಾದರೂ ಹೋಗಬಹುದು. "ಸಂದು ಚೆನ್ನಾಗಿ ತುಂಬಿದ್ದಾರೆ" ಎಂದರು. ಅವರ ಬಾಯಿಂದ ಅಷ್ಟು ಬಂದರೆ ಜಾಸ್ತಿಯೇ.

ಇನ್ನು ಅದೇ ಮಹಲಿನ ಚಿಮಣಿಗಳ ಕೆಲಸ ಬಾಕಿ ಇದೆ. ಅದಕ್ಕೆ ಟೆಂಡರ್ ಕರೆದರೆ ಬಿಡ್ ಹಾಕುತ್ತೇವೆ. ಮಾಡಿನ ಮೇಲೆ ಕಾಣುವಷ್ಟನ್ನು ನಕ್ಷೆಯಲ್ಲಿ ಬರೆಯುತ್ತಾರೆ, ಸರಿ. ಒಳಗೆ ಕ್ಯಾಮೆರಾ ಇಳಿಸಿ ಯಾರಾದರೂ ನೋಡಿದ್ದಾರಾ ಎನ್ನುವುದು ನಮ್ಮ ಪಟ್ಟಿಯ ಮೊದಲ ಪ್ರಶ್ನೆ.