ತೋರಣಕ್ಕ ಹಿಂದಿಲ್ಲ ಮುಂದಿಲ್ಲ: ನಮ್ಮ ಓಣಿಯ ಕಸೂತಿ ಐತವಾರ

ದಸರಾ ಹತ್ರ ಬಂದಂಗ ಧಾರವಾಡ ಪ್ಯಾಟಿ ತುಂಬ ಪ್ಲಾಸ್ಟಿಕ್ ತೋರಣ ಬರ್ತಾವ, ಚೆಂದನೂ ಇರ್ತಾವ, ಆದ್ರ ಕಸೂತಿ ಬೆಳೆದ ಸೀಮ್ಯಾಗ ಇದ್ದು ಬಾಗಿಲಿಗೆ ಪ್ಲಾಸ್ಟಿಕ್ ಮಾವಿನೆಲಿ ಕಟ್ಟಲಿಕ್ಕೆ ನನಗ ಮನಸ್ಸು ಬರೂದಿಲ್ಲ. ಅದಕ್ಕ ನಮ್ಮ ಓಣ್ಯಾಗ ಐತವಾರ ಊಟ ಆದಮ್ಯಾಲೆ ಯಾರರ ಮನಿ ಪಡಸಾಲ್ಯಾಗ ಕೂತು ಎಲ್ಲಾರೂ ಕೂಡಿ ಕಸೂತಿ ತೋರಣ ಮಾಡ್ತೀವಿ. ಫೀ ಇಲ್ಲ, ಹಾಜರಿ ಇಲ್ಲ, ತಡಾ ಮಾಡಿ ಬಂದ್ರೂ ನಡೀತದ, ಬರೇ ಮಾತಾಡಿ ಹೋದ್ರೂ ನಡೀತದ. ಹೆಂಗ ನಡಸ್ತೀರಿ ಅಂತ ಭಾಳ ಮಂದಿ ಕೇಳ್ಯಾರ, ಅದಕ್ಕ ಇದು.

ಕಸೂತಿಯೊಳಗ ನಾಕು ಹೊಲಿಗಿ: ಗವಂತಿ, ಮುರ್ಗಿ, ನೇಯ್ಗಿ, ಮೆಂಥಿ. ತೋರಣಕ್ಕ ನಾವು ಗವಂತಿ, ಮುರ್ಗಿ ಎರಡ ಇಟ್ಕೊಂಡೀವಿ. ಯಾಕಂದ್ರ ತೋರಣ ಬಾಗಿಲದಾಗ ತೂಗತದ, ಬಂದ ಮಂದಿ ಒಂದು ಬಾಜು ನೋಡ್ತಾರ, ಮನಿಯವರು ದಿನಾ ಒಳಗಿನ ಬಾಜುನ ನೋಡ್ತಾರ. ಈ ಎರಡೂ ಹೊಲಿಗಿ ಎರಡೂ ಕಡೆ ಒಂದ ನಮೂನಿ ಕಾಣ್ತಾವ, ಮೆಂಥಿ, ನೇಯ್ಗಿ ಹಂಗ ಬರೂದಿಲ್ಲ. ಹಿಂಗಾಗಿ ನಮ್ಮ ತೋರಣಕ್ಕ ಅಸ್ತರ ಹಚ್ಚೂದಿಲ್ಲ, ಮುಚ್ಚಿಡೂವಂಥಾದ್ದು ಏನೂ ಇರೂದಿಲ್ಲಲ್ಲ.

ಹೊಸಬರಿಗೆ ಮ್ಯಾಟಿ ಬಟ್ಟಿ, ಅಂದ್ರ ಚೌಕಳಿ ನೇಯ್ಗಿಯ ದಪ್ಪ ಹತ್ತಿ ಬಟ್ಟಿ ಕೊಡ್ತೀವಿ, ಅದರಾಗ ಮನಿ (ನೇಯ್ಗಿಯ ಸಣ್ಣ ಚೌಕ) ಎಣಿಸೂದು ಸಲೀಸು. ಮೊದಲಿನವರು ಇಳಕಲ್ ಸೀರಿ ಮ್ಯಾಲೆ, ಕರೀ ಚಂದ್ರಕಾಳಿ ಸೀರಿ ಮ್ಯಾಲೆ, ಚಿತ್ರ ಬರಕೊಳ್ಳದನ ಬರೇ ಎಳಿ ಎಣಿಸಿ ಗೋಪುರ, ಆನಿ ಅಂಬಾರಿ, ತುಳಸಿಕಟ್ಟಿ, ತೊಟ್ಟಿಲಾ ಎಲ್ಲಾ ಹಾಕ್ತಿದ್ರು, ಅದನ್ನ ನೆನಸಿದ್ರ ಈಗೂ ಮೈ ಝುಂ ಅಂತದ. ಲಚ್ಛಿ ದಾರದಾಗ 6 ಎಳಿ ಇರ್ತಾವ, 2 ಎಳಿ ತಗೊಂಡ್ರ ಸಾಕು, ಒಂದು ಮೊಳಕ್ಕಿಂತ ಉದ್ದ ತಗೋಬ್ಯಾಡ್ರಿ, ಸಿಕ್ಕಾಗ್ತದ. ಗಂಟು ಹಾಕಾಂಗಿಲ್ಲ. ದಾರದ ತುದಿ ಒಂದೀಟು ಬಿಟ್ಟು ಆಮ್ಯಾಲೆ ಹೊಲಿಗಿಯೊಳಗ ಸೇರಿಸಿಬಿಡೂದು.

ಗವಂತಿ ಅಂದ್ರ ಒಂದು ಮನಿ ಹೊಲದು ಒಂದು ಮನಿ ಬಿಟ್ಟು ಮುಂದ ಹೋಗೂದು, ಹೊಳ್ಳಿ ಬರೂಮುಂದ ಬಿಟ್ಟ ಮನಿ ತುಂಬ್ಕೊಂತ ಬರೂದು. ಮುರ್ಗಿನೂ ಹಂಗ, ಆದ್ರ ಮೆಟ್ಲ ಹತ್ತಿದಂಗ ಅಡ್ಡ, ಉದ್ದ, ಅಡ್ಡ, ಉದ್ದ. ಕೇಳಲಿಕ್ಕೆ ಇಷ್ಟ, ಖರೇ ತ್ರಾಸು ಟೊಂಗಿ ಬಂದಲ್ಲೆ. ನಮೂನಿಯ ಗೆರಿಗೆ ನಡುವ ಟೊಂಗಿ ಒಡದ್ರ ಅದರ ತುದೀತನಕ ಹೋಗಿ, ಹೊಳ್ಳಿ ಬಂದು, ಆಮ್ಯಾಲೆ ಮುಂದಿನ ದಾರಿ ಹಿಡೀಬೇಕು, ಇಲ್ಲಂದ್ರ ಆ ಟೊಂಗಿಗೆ ಮತ್ತ ಹೋಗಲಿಕ್ಕೆ ಹಿಂದ ದಾರ ಜಿಗಸಬೇಕಾಗ್ತದ. ನಮ್ಮ ಓಣಿಯ ರಿಟೈರ್ಡ್ ಕಾಕಾ ಒಬ್ಬರು ಮೊದಲು ಸುಮ್ಮನ ಪೇಪರ್ ಓದ್ಕೊಂತ ಕೂಡ್ತಿದ್ರು, ಒಂದಿನ "ಹೋಗೂದೇನೋ ಹೋಗ್ತೀರಿ, ಹೊಳ್ಳಿ ಬರೂದು ಯಾವ ಕಡಿಂದವಾ?" ಅಂತ ಕೇಳಿ ಚೌಕಳಿ ನೋಟ್‌ಬುಕ್ಕಿನ್ಯಾಗ ಹೋಗೂ ದಾರಿ ಕೆಂಪು ಪೆನ್ನಿಲೆ, ಬರೂ ದಾರಿ ನೀಲಿ ಪೆನ್ನಿಲೆ ಬಾಣ ಹಾಕಿ ತೋರಿಸಿದ್ರು. ಈಗ ಹೊಸ ನಮೂನಿ ಬಂದ್ರ ಮೊದಲು ಕಾಕಾನ ನೋಟ್‌ಬುಕ್, ಆಮ್ಯಾಲೆ ಸೂಜಿ.

ಆರಾಮ ನಡೀಲಿಕ್ಕೆ ಕಾರಣ ಅಂದ್ರ ಒಬ್ಬೊಬ್ಬರಿಗೆ ಅಂಗೈಯಷ್ಟ ಪಟ್ಟಿ. ಇಡೀ ತೋರಣ ಒಬ್ಬರ ತಲಿಮ್ಯಾಲೆ ಹಾಕಿದ್ರ ಅರ್ಧಕ್ಕ ಬಿಡ್ತಾರ. ಕಣ್ಣು ಮಂಜಾದ ಆಯಿಗೆ ದೊಡ್ಡ ಮನಿಯ ಮ್ಯಾಟಿ ಕೊಟ್ಟು ಬಾಗಿಲ ಬೆಳಕಿಗೆ ಕೂಡಸ್ತೀವಿ, ಹುಡುಗುರಿಗೆ ಮೊಂಡ ಸೂಜಿ. ಹೋದ ದಸರಾಕ್ಕ ಒಬ್ಬಾಕಿ ಹುಡುಗಿ ನಾ ಬನ್ನಿ ಎಲಿನ ಹಾಕ್ತೀನಿ ಅಂತ ಹಟ ಹಿಡಿದ್ಲು, ಹಳೇ ಸೀರಿಯೊಳಗ ನಾ ಕಂಡಿದ್ದಿಲ್ಲ, ಆದ್ರ ಬನ್ನಿ ಕೊಟ್ಟು ಬಂಗಾರದಂಗ ಇರೋಣು ಅನ್ನೂ ಹಬ್ಬಕ್ಕ ಅದಕ್ಕಿಂತ ಚೊಲೋ ನಮೂನಿ ಯಾವುದ್ ಅದ ಹೇಳ್ರಿ! ಚುರಮುರಿ ಮಿರ್ಚಿ ಮಾತ್ರ ಬಟ್ಟಿ ಎಲ್ಲಾ ಮಡಚಿಟ್ಟಮ್ಯಾಲೇ, ಎಣ್ಣಿ ಕಲಿ ಬಿಳೀ ಮ್ಯಾಟಿಂದ ಹೋಗೂದಿಲ್ಲ.

ಇಲ್ಲೆ ಕೂತವರಿಗೆ ಇನ್ನೊಂದು ಲಾಭ ಆಗೇದ, ಅಂಗಡ್ಯಾಗ ಕಸೂತಿ ಸೀರಿ ತೋರಿಸಿದ ಕೂಡಲೇ ತಿರುವಿ ಹಾಕಿ ನೋಡ್ತಾರ. ಮಷೀನಿಂದು ಇದ್ರ ಹಿಂದ ಬಾಬಿನ್ ದಾರ (ಮಷೀನಿನ ಕೆಳಗಿನ ದಾರ) ಕಾಣಸ್ತದ. ಕೈಲೆ ಹಾಕಿದ್ದಕ್ಕ ರೊಕ್ಕ ಯಾಕ ಜಾಸ್ತಿ ಅಂತ ಈಗ ಯಾರೂ ಕೇಳೂದಿಲ್ಲ, ಅಂಗೈ ಪಟ್ಟಿ ಮುಗಿಸಲಿಕ್ಕೆ ಎಷ್ಟು ಹೊತ್ತು ಹಿಡೀತದ ಅಂತ ಅವರಿಗೇ ಗೊತ್ತಾಗೇದ. ಕಸೂತಿಗೆ ಜಿಐ ಟ್ಯಾಗ್, ಅಂದ್ರ ಇದು ಈ ಸೀಮಿಯದ ಕಲಾ ಅನ್ನೂ ಸರ್ಕಾರಿ ಗುರುತು, ಇದ್ದದ್ದು ಹೆಮ್ಮೀನ, ಆದ್ರ ಹಾಕೂ ಕೈಗೆ ಸರೀ ರೊಕ್ಕ ಸಿಗೂದು ಅದಕ್ಕಿಂತ ದೊಡ್ಡ ಮಾತು.

ಈ ಸಲ ದೀಪಾವಳಿಗೆ ಆಕಾಶಬುಟ್ಟಿ ಮಾಡೂಣು ಅಂತ ನಡದದ. ಒಳಗ ದೀಪ ಹಚ್ಚಿದಾಗ ಹಿಂದ ಜಿಗಿಸಿದ ಒಂದೊಂದು ದಾರನೂ ನೆರಳಾಗಿ ಕಾಣ್ತದ, ಅಂದ್ರ ಗವಂತಿಗೆ ಹೇಳಿ ಮಾಡಿಸಿದ ಕೆಲಸ. ಎಲ್‌ಇಡಿ ಬಲ್ಬ್ ಹಾಕ್ತೀವಿ, ಬಟ್ಟಿಗೆ ಕಾವು ತಾಗಬಾರದು. ಮ್ಯಾಟಿ ದಪ್ಪ ಆಗ್ತದ, ತೆಳ್ಳಗಿದ್ದು ಎಳಿ ಎಣಿಸಲಿಕ್ಕೆ ಬರೂವಂಥಾ ಹತ್ತಿ ಬಟ್ಟಿ ಹುಬ್ಬಳ್ಳಿ ಧಾರವಾಡದಾಗ ಎಲ್ಲಿ ಸಿಗ್ತದ ಗೊತ್ತಿದ್ದವರು ಹೇಳ್ರಿ.