ಅರಬೈಲ್ ಘಟ್ಟದಿಂದ ಸಖೀರಿನ ನಾನೂರು ಮೀಟರಿಗೆ

"ನಾನೂರು ಮೀಟರ್ ಓಡಿಸುವುದಕ್ಕೆ ಒಂದು ವಾರ ಕಾರಿನ ಕೆಳಗೆ ಮಲಗಿದ್ದೆಯಂತೆ, ಹೌದೇ ತಮ್ಮಾ?"

ರಜೆಗೆಂದು ಅಂಕೋಲೆಗೆ ಬಂದು ಇನ್ನೂ ಚೀಲ ಬಿಚ್ಚಿರಲಿಲ್ಲ. ಜಗಲಿಯ ಮೇಲೆ ಕುಳಿತಿದ್ದ ಮಾವ ಕೇಳಿದ ಮೊದಲ ಪ್ರಶ್ನೆ ಇದು. ಸುದ್ದಿ ನನಗಿಂತ ಮೊದಲೇ ಊರು ತಲುಪಿ, ದಾರಿಯಲ್ಲಿ ಸಾಕಷ್ಟು ದಪ್ಪವಾಗಿತ್ತು. ಬೇಲೇಕೇರಿಯಲ್ಲಿ ನಾನು ರೇಸ್ ಕಾರು ಕೊಂಡಿದ್ದೇನೆ ಎಂದಾಗಿತ್ತು, ಅವರ್ಸೆ ಮುಟ್ಟುವ ಹೊತ್ತಿಗೆ ಅದರಲ್ಲಿ ಗೆದ್ದೂ ಬಿಟ್ಟಿದ್ದೆ. ಎರಡೂ ಸುಳ್ಳು. ಕಾರು ದಿನಾ ಕೆಲಸಕ್ಕೆ ಹೋಗುವ ಹನ್ನೆರಡು ವರ್ಷದ ಹೋಂಡಾ ಸಿವಿಕ್. ಓಡಿಸಿದ್ದು ಮೂರು ಸಲ, ಮೂರು ಸಲವೂ ಸೋತೆ. ಕಾರಿನ ಕೆಳಗೆ ಒಂದು ವಾರ ಮಲಗಿದ್ದು ಮಾತ್ರ ನಿಜ. ಅದನ್ನು ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಬರೆದುಬಿಡುವುದು ಮೇಲು.

ಬಹರೈನಿನಲ್ಲಿ ನನ್ನದು ಎಸಿ ರಿಪೇರಿಯ ಕೆಲಸ. ನಾವಿರುವ ಮನಾಮಾದಿಂದ ದಕ್ಷಿಣಕ್ಕೆ ಹೋದರೆ ಮರಳುಗಾಡಿನ ನಡುವೆ ಸಖೀರ್ ಎಂಬಲ್ಲಿ ಫಾರ್ಮುಲಾ ಒನ್ ನಡೆಯುವ ಸರ್ಕೀಟ್ ಇದೆ. 2004ರಲ್ಲಿ ಶುರುವಾದದ್ದು. ಟಿವಿಯಲ್ಲಿ ಕಾಣುವುದು ಅದರ ತಿರುವುಗಳು. ಅದೇ ಆವರಣದಲ್ಲಿ ತಿರುವೇ ಇಲ್ಲದ ಒಂದು ದಾರಿಯೂ ಇದೆ, ಅದು ಡ್ರ್ಯಾಗ್ ಸ್ಟ್ರಿಪ್. ಎರಡು ಕಾರು ಅಕ್ಕಪಕ್ಕ ನಿಲ್ಲುತ್ತವೆ, ದೀಪ ಹಸಿರಾದೊಡನೆ ಹೊರಡುತ್ತವೆ, ಕಾಲು ಮೈಲಿ ದಾಟಿದರೆ ಆಟ ಮುಗಿಯಿತು. ಕಾಲು ಮೈಲಿ ಎಂದರೆ 402 ಮೀಟರ್. ಚಳಿಗಾಲದ ಕೆಲವು ರಾತ್ರಿಗಳಲ್ಲಿ ನನ್ನಂಥವರೂ ಮನೆಯ ಕಾರು ತೆಗೆದುಕೊಂಡು ಹೋಗಬಹುದು.

ಇದು ಅಮೆರಿಕದ ಆಟ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಕಾರುಗಳ ಎಂಜಿನ್ ಬಿಗಿಮಾಡಿಕೊಂಡು ಊರ ರಸ್ತೆಗಳಲ್ಲೇ ಪೈಪೋಟಿಗೆ ಬೀಳುತ್ತಿದ್ದರು. ಅವರನ್ನು ರಸ್ತೆಯಿಂದ ತಪ್ಪಿಸಿ, ಕಾಯಿದೆ ಕಟ್ಟಳೆಯ ಒಳಗೆ ತರಬೇಕೆಂದು ವಾಲಿ ಪಾರ್ಕ್ಸ್ ಎಂಬಾತ 1951ರಲ್ಲಿ ಎನ್‌ಎಚ್‌ಆರ್‌ಎ ಎಂಬ ಸಂಘ ಕಟ್ಟಿದ. ಈ ಸಲ ಊರಿಗೆ ಬಂದವನಿಗೆ ಚತುಷ್ಪಥವಾದ ನಮ್ಮ ಹೆದ್ದಾರಿ 66ರಲ್ಲಿ ರಾತ್ರಿ ಬೈಕುಗಳು ಕಿರುಚಿಕೊಂಡು ಹೋಗುವುದು ಕೇಳಿಸಿತು. ಆಗ ಆ ಪಾರ್ಕ್ಸ್ ಮಹಾಶಯ ನೆನಪಾದ.

ಹೋಗುತ್ತೇನೆ ಎಂದು ತೀರ್ಮಾನಿಸಿದ ದಿನ ಕೋಣೆಯಲ್ಲಿ ಜೊತೆಗಿರುವ ಹೊನ್ನಾವರದ ಗೆಳೆಯ ಒಂದು ಪಟ್ಟಿ ಮಾಡಿದ. ಹೊಸ ಏರ್ ಫಿಲ್ಟರ್, ದೊಡ್ಡ ಸೈಲೆನ್ಸರ್, ಬಾಗಿಲಿಗೆ ಬೆಂಕಿಯ ಚಿತ್ರ. ಪಟ್ಟಿ ಹಿಡಿದು ಸಲ್ಮಾಬಾದಿನಲ್ಲಿ ಗ್ಯಾರೇಜಿನಲ್ಲಿರುವ ಭಟ್ಕಳದ ಮೆಕ್ಯಾನಿಕ್ ಒಬ್ಬರ ಬಳಿಗೆ ಹೋದೆವು. ಅವರು ಓದಿ, ಮಡಚಿ, ನನ್ನ ಜೇಬಿಗೇ ತುರುಕಿದರು. "ಮೊದಲ ಸಲ ಹೋಗುವವರು ಹಾಕುವುದು ಏನೂ ಇರುವುದಿಲ್ಲ. ತೆಗೆಯಬೇಕಾದದ್ದನ್ನು ತೆಗೆಯಿರಿ, ಬಿಗಿ ಮಾಡಬೇಕಾದದ್ದನ್ನು ಬಿಗಿ ಮಾಡಿ. ಉಳಿದ ದುಡ್ಡನ್ನು ಊರಿಗೆ ಕಳಿಸಿ" ಎಂದರು.

ತೆಗೆಯುವ ಕೆಲಸ ಡಿಕ್ಕಿಯಿಂದ ಶುರುವಾಯಿತು. ಕೊಲ್ಲಿಯಲ್ಲಿ ದುಡಿಯುವ ಯಾವನ ಕೋಣೆಯಲ್ಲೂ ಒಂದು ಕೊಕ್ಕೆಯ ತಕ್ಕಡಿ ಇದ್ದೇ ಇರುತ್ತದೆ. ರಜೆಗೆ ಹೊರಡುವಾಗ ಪೆಟ್ಟಿಗೆ ಮೂವತ್ತು ಕಿಲೋ ದಾಟದಂತೆ ಹಾಲಿನ ಪುಡಿ ಒಳಗೆ, ಸಾಬೂನು ಹೊರಗೆ ಎಂದು ಮಧ್ಯರಾತ್ರಿಯವರೆಗೆ ತೂಗುತ್ತಾ ಕೂರುವ ತಕ್ಕಡಿ ಅದು. ಅದನ್ನೇ ತಂದು ಡಿಕ್ಕಿಯಿಂದ ಇಳಿಸಿದ್ದನ್ನೆಲ್ಲ ತೂಗಿದೆವು. ಎಸಿಗೆ ತುಂಬುವ ಗ್ಯಾಸಿನ ಅರೆಖಾಲಿ ಸಿಲಿಂಡರ್, ಪಾನಾಗಳ ಪೆಟ್ಟಿಗೆ, ಕ್ರಿಕೆಟ್ ಬ್ಯಾಟು ಎರಡು, ಹತ್ತು ಕಿಲೋ ಕುಚ್ಚಲಕ್ಕಿ, ಕಳೆದ ರಜೆಯಿಂದ ತಂದು ಮರೆತೇ ಹೋಗಿದ್ದ ಮುರುಗಲ ರಸದ ಬಾಟಲಿ, ಜಾಕ್, ಸ್ಟೆಪ್ನಿ. ಒಟ್ಟು 63 ಕಿಲೋ! ಇಷ್ಟು ದಿನ ಒಬ್ಬ ಆಳನ್ನು ಬಿಟ್ಟಿ ಕೂರಿಸಿಕೊಂಡು ತಿರುಗಾಡುತ್ತಿದ್ದೆ. ಈ ಆಟದವರಲ್ಲಿ ಒಂದು ಲೆಕ್ಕವಿದೆ. ಸುಮಾರು 45 ಕಿಲೋ ಇಳಿಸಿದರೆ ಕಾಲು ಮೈಲಿಯಲ್ಲಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಉಳಿಯುತ್ತದೆಯಂತೆ. ಟ್ಯಾಂಕಿನಲ್ಲಿ ಕಾಲು ಭಾಗ ಮಾತ್ರ ಪೆಟ್ರೋಲ್ ಬಿಟ್ಟದ್ದರಿಂದ ಇನ್ನೊಂದು 28 ಕಿಲೋ ಹೋಯಿತು. ಮುಂದಿನ ಬಂಪರಿಗೆ ಕಟ್ಟಿದ್ದ ಆಯುಧ ಪೂಜೆಯ ಒಣ ನಿಂಬೆಹಣ್ಣು, ಮೆಣಸಿನಕಾಯಿಯನ್ನೂ ಬಿಚ್ಚಬೇಕಾಯಿತು. ತೂಕಕ್ಕಲ್ಲ, ಸಡಿಲವಾಗಿ ತೂಗಾಡುವ ಯಾವುದನ್ನೂ ತಪಾಸಣೆಯವರು ಒಪ್ಪುವುದಿಲ್ಲ.

ಇಲ್ಲಿ ಮಾವನ ವಿಷಯ ಹೇಳಬೇಕು. ಮಾವ ಹೊಸಪೇಟೆ ಕಡೆಯಿಂದ ಬೇಲೇಕೇರಿ ಬಂದರಿಗೆ ಅದಿರು ತರುತ್ತಿದ್ದ ಲಾರಿ ಚಾಲಕರು. 2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿದ ಮೇಲೆ ಆ ದಾರಿ ಬಿಟ್ಟರು. ಶಾಲೆಯ ರಜೆಯಲ್ಲಿ ಎರಡು ಸಲ ನಾನು ಅವರ ಜೊತೆ ಕ್ಲೀನರನ ಜಾಗದಲ್ಲಿ ಕುಳಿತು ಬಂದಿದ್ದೇನೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವ ಮೊದಲು ಲಾರಿ ನಿಲ್ಲಿಸಿ, ಒಂದು ಕಬ್ಬಿಣದ ಸರಳಿನಿಂದ ಒಂದೊಂದೇ ಟೈರಿಗೆ ಬಡಿಯುತ್ತಾ ಸುತ್ತು ಬರುತ್ತಿದ್ದರು. ಗಾಳಿ ತುಂಬಿದ ಟೈರು ಟಣ್ಣೆಂದು ಸರಳನ್ನು ಹಿಂದಕ್ಕೆ ಎಸೆಯುತ್ತದೆ. ಗಾಳಿ ಇಳಿದದ್ದು ಹಲಸಿನ ಹಣ್ಣಿಗೆ ಬಡಿದ ಹಾಗೆ ಶಬ್ದ ಮಾಡುತ್ತದೆ. ಜೋಡಿ ಚಕ್ರದಲ್ಲಿ ಒಳಗಿನದು ಸತ್ತಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಮಾತ್ರ ಗೊತ್ತಾಗುತ್ತದೆ. ಆಮೇಲೆ ಪ್ರತಿ ಹಬ್ಬಿನ ಮೇಲೂ ಅಂಗೈ ಇಟ್ಟು ಬಿಸಿ ನೋಡುತ್ತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಹದಿನಾಲ್ಕರ ಹುಡುಗನಿಗೆ ಅದೆಲ್ಲ ಹೊತ್ತು ಕಳೆಯುವ ಚಟದಂತೆ ಕಂಡಿತ್ತು.

ಸಲ್ಮಾಬಾದಿನಲ್ಲಿ ಭಟ್ಕಳದವರು ಟಾರ್ಚ್ ಹಿಡಿದು ನನ್ನ ಕಾರಿನ ಸುತ್ತ ಬಂದಾಗ ಸರಳೊಂದು ಮಾತ್ರ ಕಡಿಮೆ ಇತ್ತು. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿ ತೋರಿಸಿದರು. ಮೊದಲ ಎರಡು ವಾರ, ಉಳಿದೆರಡು ವರ್ಷ. 2217 ಎಂದಿದ್ದರೆ 2017ರ ಇಪ್ಪತ್ತೆರಡನೇ ವಾರ ತಯಾರಾದದ್ದು. ನನ್ನ ಹಿಂದಿನ ಎರಡು ಟೈರು ಅಷ್ಟು ಹಳೆಯವು. ನೆಲಕ್ಕೆ ತಾಗುವ ಮೈಯ ಗುಂಡಿ ಇನ್ನೂ ಆಳವಾಗಿಯೇ ಇತ್ತು, ಆದರೆ ಬಿಸಿಲಿಗೆ ರಬ್ಬರು ಗಟ್ಟಿಯಾಗಿ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಇಡೀ ತಯಾರಿಯಲ್ಲಿ ನಾನು ದುಡ್ಡು ಕೊಟ್ಟು ಕೊಂಡದ್ದು ಆ ಎರಡು ಟೈರು ಮಾತ್ರ. ಊರಿನಲ್ಲಿ ವರ್ಷಕ್ಕೆ ಎರಡು ಮದುವೆಗೆ ಮಾತ್ರ ಹೊರತೆಗೆಯುವ ಕಾರು ಇಟ್ಟುಕೊಂಡವರು ಇವತ್ತೇ ಹೋಗಿ ಆ ಅಂಕಿ ನೋಡಿ.

ಗಾಳಿಯ ಲೆಕ್ಕ ಕೊಂಚ ವಿಚಿತ್ರ. ಸಿವಿಕ್ ಮುಂದಿನ ಚಕ್ರಗಳಿಂದ ಎಳೆಯುವ ಕಾರು. ಎಳೆಯುವ ಚಕ್ರ ನೆಲವನ್ನು ಹೆಚ್ಚು ಹಿಡಿಯಲಿ ಎಂದು ಮುಂದೆ 32 ಪೌಂಡಿನಿಂದ 29ಕ್ಕೆ ಇಳಿಸಿದೆವು. ಹಿಂದಿನವು ಸುಮ್ಮನೆ ಉರುಳಿದರೆ ಸಾಕು, ಅವಕ್ಕೆ 38. ಟೈರಿನ ಮೇಲೆ ಬರೆದ ಗರಿಷ್ಠ ಮಿತಿಯನ್ನು ದಾಟಲಿಲ್ಲ. ಹಿಂದಿನ ಚಕ್ರದಿಂದ ತಳ್ಳುವ ಕಾರಾದರೆ ಇದೆಲ್ಲ ತಿರುವುಮುರುವು. ವೀಲ್ ಕ್ಯಾಪ್ ಕಿತ್ತು, ನಟ್ಟುಗಳನ್ನು ಟಾರ್ಕ್ ಪಾನಾದಿಂದ 108 ನ್ಯೂಟನ್ ಮೀಟರಿಗೆ ಬಿಗಿದೆ. ಒಂದು ನಟ್ಟು ಮುಕ್ಕಾಲು ಸುತ್ತು ತಿರುಗಿತು. ಯಾವಾಗಿನಿಂದ ಹಾಗೆ ಓಡಾಡುತ್ತಿದ್ದೆನೋ ದೇವರಿಗೇ ಗೊತ್ತು.

ಎಣ್ಣೆ, ಬ್ರೇಕ್ ಎಣ್ಣೆ, ಕೂಲಂಟ್ ನೋಡಿದ್ದಾಯಿತು. ವಿಮೆಯ ಕಾಗದ ತೆಗೆದು ಓದಿದರೆ ಪೈಪೋಟಿಯಲ್ಲಿ ಆದ ಹಾನಿಗೆ ಪರಿಹಾರವಿಲ್ಲ ಎಂದು ಸ್ಪಷ್ಟವಾಗಿ ಇತ್ತು. ಮನೆಯವಳಿಗೆ ಈ ಒಂದು ಸಾಲನ್ನು ಹೇಳಲಿಲ್ಲ. ಈಗ ಓದುತ್ತಾಳೆ, ಇರಲಿ.

ಓಟದ ರಾತ್ರಿ ತಪಾಸಣೆಯ ಸಾಲಿನಲ್ಲಿ ನಿಂತೆ. ಎರವಲು ತಂದ ಹೆಲ್ಮೆಟ್, ತುಂಬು ತೋಳಿನ ಅಂಗಿ, ಬೂಟು. ಬಾನೆಟ್ ಎತ್ತಿದ ಪರೀಕ್ಷಕ ಎಂಜಿನ್ನನ್ನು ಕಣ್ಣೆತ್ತಿಯೂ ನೋಡಲಿಲ್ಲ, ನೇರವಾಗಿ ಬ್ಯಾಟರಿಗೆ ಕೈ ಹಾಕಿ ಅಲ್ಲಾಡಿಸಿದ. ಅದು ಅಲ್ಲಾಡಿತು. ಹಿಡಿಯುವ ಪಟ್ಟಿಯ ಒಂದು ಬದಿಯ ಕೊಕ್ಕೆ ಬೋಲ್ಟೇ ಇರಲಿಲ್ಲ. ಹಿಂದೆ ಯಾವಾಗಲೋ ಬ್ಯಾಟರಿ ಬದಲಿಸಿದವರು ಅದನ್ನು ಹಾಕದೆ, ರಬ್ಬರ್ ತುಂಡೊಂದನ್ನು ಸಂದಿಗೆ ತುರುಕಿ ಕಳಿಸಿದ್ದರು. ಒಂದು ವಾರ ಬಗ್ಗಿ ನೋಡಿದ ನಮ್ಮ ಮೂವರ ಆರು ಕಣ್ಣಿಗೂ ಅದು ಬಿದ್ದಿರಲಿಲ್ಲ. ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟುತ್ತೇನೆ ಎಂದೆ. ಆತ ಆಗದೆಂದು ತಲೆಯಾಡಿಸಿ ಮುಂದಿನ ಕಾರಿಗೆ ಹೋದ. ಪಕ್ಕದಲ್ಲಿ ನಿಂತಿದ್ದ ಬಹರೈನಿ ಹುಡುಗನೊಬ್ಬ ನನ್ನ ಮುಖ ನೋಡಿ ತನ್ನ ಪೆಟ್ಟಿಗೆ ಕೆದಕಿ ತಿರುಪಿನ ಗೆರೆಗಳಿರುವ ಒಂದು ಸರಳು, ಎರಡು ನಟ್ಟು ಕೊಟ್ಟ. ಸರಳಿನ ತುದಿ ಬಗ್ಗಿಸಿ ಕೊಕ್ಕೆ ಮಾಡಿ ಬಿಗಿದೆ. ಎರಡನೇ ಸಲ ಬ್ಯಾಟರಿ ಅಲ್ಲಾಡಲಿಲ್ಲ, ಕಾರಿಗೆ ಚೀಟಿ ಅಂಟಿತು. ಆ ಹುಡುಗ ದುಡ್ಡು ಮುಟ್ಟಲಿಲ್ಲ.

ಸಾಲು ಮುಂದೆ ಸರಿದಾಗ ಒಬ್ಬ ಕಿಟಕಿಯ ಬಳಿ ಬಂದು ಎಸಿ ಆರಿಸಲು ಹೇಳಿದ. ಎಸಿ ಎಂಜಿನ್ನಿನ ಬಲ ತಿನ್ನುತ್ತದೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡದು, ಎಸಿಯಿಂದ ತೊಟ್ಟಿಕ್ಕುವ ನೀರು ಹಿಂದೆ ಬರುವವನ ಚಕ್ರಕ್ಕೆ ಸಿಕ್ಕರೆ ಅವನು ಜಾರುತ್ತಾನೆ. ಊರಿಗೆಲ್ಲ ಎಸಿ ಸರಿಮಾಡಿಕೊಡುವವನು ನವೆಂಬರಿನ ಬೆವರಿನಲ್ಲಿ ಹೆಲ್ಮೆಟ್ ಹಾಕಿ ಗಾಜು ಏರಿಸಿ ಕುಳಿತೆ. ಮುಂದೆ ನೆಲದ ಮೇಲೆ ನೀರು ಚೆಲ್ಲಿದ್ದರು. ರೇಸಿನ ನುಣುಪು ಟೈರಿನವರು ಅದರಲ್ಲಿ ಚಕ್ರ ಗಿರ್ರನೆ ತಿರುಗಿಸಿ ರಬ್ಬರ್ ಕಾಯಿಸುತ್ತಾರೆ. ನಮ್ಮಂಥ ಗುಂಡಿಯ ಟೈರಿನವರು ಸುತ್ತಿಕೊಂಡು ಹೋಗಬೇಕು. ಇಲ್ಲದಿದ್ದರೆ ಆ ನೀರನ್ನು ಗುಂಡಿಯಲ್ಲಿ ಹೊತ್ತು ಗೆರೆಯವರೆಗೂ ಚೆಲ್ಲುತ್ತೇವೆ.

ಗೆರೆಯ ಬಳಿ ದೀಪದ ಕಂಬ. 1963ರಿಂದ ಬಂದದ್ದು, ಬಣ್ಣದ ದೀಪಗಳಿಗಾಗಿ ಕ್ರಿಸ್ಮಸ್ ಮರ ಎನ್ನುತ್ತಾರೆ. ಮುಂದಿನ ಚಕ್ರ ನೆಲದ ಬೆಳಕಿನ ಕಿರಣ ತಡೆದಾಗ ಮೇಲಿನ ದೀಪ ಹತ್ತುತ್ತದೆ, ಕೊಂಚ ಮುಂದೆ ಸರಿದರೆ ಎರಡನೆಯದು. ಆಮೇಲೆ ಮೂರು ಹಳದಿ ಅರ್ಧರ್ಧ ಸೆಕೆಂಡಿಗೆ ಒಂದರ ಕೆಳಗೊಂದು ಹೊತ್ತಿ ಹಸಿರು. ನನ್ನ ಪಕ್ಕ ನಿಂತದ್ದು ನಿಸಾನ್ ಪ್ಯಾಟ್ರೋಲ್. ಕೊಲ್ಲಿಯವರು ಈ ಎತ್ತರದ ಜೀಪಿನ 4.8 ಲೀಟರಿನ ಎಂಜಿನ್ನಿಗೆ ಟರ್ಬೊ ಕೂರಿಸಿ ಏನೇನೋ ಮಾಡುತ್ತಾರೆ. ಮದುವೆ ದಿಬ್ಬಣಕ್ಕೆ ಹೊರಟ ಹಾಗೆ ನಿಂತಿತ್ತು. ಹಸಿರು ಬಿತ್ತು, ಪ್ಯಾಟ್ರೋಲ್ ಮೂತಿ ಎತ್ತಿ ಕಾಣೆಯಾಯಿತು. ನಾನು ಅದನ್ನೇ ನೋಡುತ್ತಾ ಕುಳಿತಿದ್ದೆ! ಎಚ್ಚರವಾಗಿ ಪೆಡಲ್ ಒತ್ತುವ ಹೊತ್ತಿಗೆ ಒಂದು ಸೆಕೆಂಡಿನ ಮೇಲಾಗಿತ್ತು. ಪುಣ್ಯಕ್ಕೆ ಗಡಿಯಾರ ಓಡುವುದು ಚಕ್ರ ಕದಲಿದ ಮೇಲೆ. ಮೈಮರೆತದ್ದು ಸೋಲಿಗೆ ಸೇರುತ್ತದೆ, ಸಮಯಕ್ಕೆ ಸೇರುವುದಿಲ್ಲ.

ಚೀಟಿಯಲ್ಲಿ 17.68 ಸೆಕೆಂಡ್, ಕೊನೆಯಲ್ಲಿ 128 ಕಿಲೋಮೀಟರ್ ವೇಗ. ಎರಡನೇ ಸಲ ಬಾನೆಟ್ ಎತ್ತಿ ಮುಕ್ಕಾಲು ಗಂಟೆ ತಣಿಸಿ, ಬ್ರೇಕ್ ಹಿಡಿದೇ ಎಂಜಿನ್ನನ್ನು ಕೊಂಚ ಏರಿಸಿ ಬಿಟ್ಟೆ, 17.41. ಆಸೆ ಹೆಚ್ಚಾಯಿತು, ಹತ್ತೇ ನಿಮಿಷಕ್ಕೆ ಮತ್ತೆ ಸಾಲು ಹಿಡಿದೆ. ಬಿಸಿ ಎಂಜಿನ್ ಬಿಸಿ ಗಾಳಿಯನ್ನೇ ಕುಡಿಯಿತು, ಅದರಲ್ಲಿ ಆಮ್ಲಜನಕ ಕಡಿಮೆ, 17.59. ಅಲ್ಲಿಗೆ ಸಾಕೆನಿಸಿತು.

ಮೂರೂ ಚೀಟಿ ಮಾವನ ಮುಂದೆ ಹರಡಿದೆ. ಕನ್ನಡಕ ಏರಿಸಿಕೊಂಡು ಓದಿದರು. ಬ್ಯಾಟರಿಯ ಕಥೆಗೆ ನಕ್ಕರು, ಟೈರಿನ ಅಂಕಿಗೆ ತಲೆದೂಗಿದರು. ಸಮಯದ ಬಗ್ಗೆ ಒಂದು ಮಾತೂ ಇಲ್ಲ.

"ಈಗ ಆ ಕಾರು ಯಾರ ಹತ್ತಿರ ಇದೆ?"

"ಹೊನ್ನಾವರದವನ ಹತ್ತಿರ ಮಾವ. ಕೆಲಸಕ್ಕೆ ಓಡಿಸುತ್ತಿದ್ದಾನೆ."

"ಗಾಳಿ ಮತ್ತೆ ಮೊದಲಿನಷ್ಟಕ್ಕೆ ತಂದೆಯಾ?"

ತಂದಿರಲಿಲ್ಲ. ಅಲ್ಲಿಂದಲೇ ಗೆಳೆಯನಿಗೆ ಫೋನ್ ಮಾಡಿದೆ. ಅವನು ಗೊಣಗುತ್ತಾ ಮೀಟರ್ ಹಿಡಿದು ಕೆಳಗಿಳಿದು ಒಂದೊಂದಾಗಿ ಹೇಳಿದ. ಮುಂದೆ ಇಪ್ಪತ್ತೆಂಟು, ಇಪ್ಪತ್ತೆಂಟು. ಹಿಂದೆ ಮೂವತ್ತೇಳು, ಮೂವತ್ತೆಂಟು. ಎಲ್ಲ ಮೂವತ್ತೆರಡಕ್ಕೆ ತಾ ಎಂದೆ. ಮಾವ ಕೈ ಚಾಚಿ ಫೋನ್ ತೆಗೆದುಕೊಂಡರು.

"ತಮ್ಮಾ, ಸ್ಟೆಪ್ನಿ ಎಲ್ಲಿದೆ ನೋಡು."

ಆ ಕಡೆ ಡಿಕ್ಕಿ ತೆರೆದ ಶಬ್ದ ಕೇಳಿಸಿತು. ಸ್ವಲ್ಪ ಹೊತ್ತು ಏನೂ ಇಲ್ಲ.

"ನಮ್ಮ ಕೋಣೆಯಲ್ಲಿ ಇದೆ ಮಾವ" ಎಂದ ಗೆಳೆಯ. "ಇವನ ಮಂಚದ ಕೆಳಗೆ."